‘ಕ್ರಮ ಕೈಗೊಳ್ಳಲಾಗುವುದು’ ಎಂಬಲ್ಲಿಗೇ ನಿಲ್ಲದಂತೆ ಪ್ರಶ್ನೆ ಕೇಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ಬೆಳಗಾವಿ ಜಿಲ್ಲೆಯ ಒಂದು ಹೋಬಳಿ ಊರು. ಇಲ್ಲಿನ ಪಿಎಚ್‌ಸಿಗೆ ಕಾಯಂ ಡಾಕ್ಟರ್ ಇಲ್ಲ. ಹೆರಿಗಿಗೆ ತಾಲ್ಲೂಕು ಆಸ್ಪತ್ರೆಗೆ ಹೋದ್ರ ‘ಬೆಳಗಾವಿಗೆ ಒಯ್ರಿ’ ಅಂತಾರ. ಹಿಂದಿನ ಚಳಿಗಾಲದ ಅಧಿವೇಶನದಾಗ ಶಾಸಕರಿಗೆ ಹೇಳಿ ಪ್ರಶ್ನೆ ಹಾಕಿಸಿದಿವಿ. ‘ಬಂದಿದೆ. ಖಾಲಿ ಹುದ್ದೆಗಳನ್ನು ಹಂತ ಹಂತವಾಗಿ ಭರ್ತಿ ಮಾಡಲು ಕ್ರಮ ಕೈಗೊಳ್ಳಲಾಗುವುದು’ ಅಂತ ಎರಡು ಸಾಲು ಉತ್ತರ ಬಂತು, ಅಷ್ಟs. ಹಿಂಗ ಪ್ರಶ್ನೆ ಕೇಳಿಸಿ ಏನರ ಉಪಯೋಗ ಐತೇನು? ಇದ್ದರ ಹೆಂಗ ಕೇಳಿಸಬೇಕು?

ಉತ್ತರ: ಉಪಯೋಗ ಇದೆ. ಆದರೆ ನಿಮಗೆ ಎರಡು ಸಾಲಿನ ಉತ್ತರ ಬಂದದ್ದಕ್ಕೆ ಪ್ರಶ್ನೆಯೇ ದಾರಿ ಮಾಡಿಕೊಟ್ಟಿತ್ತು. ಅದು ಬಹುಶಃ ಹೀಗಿತ್ತು: ‘ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಮೊದಲ ಭಾಗಕ್ಕೆ ‘ಬಂದಿದೆ’ ಎಂದರೆ ಮುಗಿಯಿತು. ಎರಡನೆಯದಕ್ಕೆ ಇಲಾಖೆಯ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುವ ಒಂದು ಪ್ಯಾರಾ ಸಾಕು. ಅದರಲ್ಲಿ ಸುಳ್ಳೇನೂ ಇರುವುದಿಲ್ಲ, ಮಾಹಿತಿಯೂ ಇರುವುದಿಲ್ಲ.

ಪ್ರಶ್ನೆ ಸದನದಿಂದ ನಿಮ್ಮೂರಿಗೆ ಬಂದು ಉತ್ತರವಾಗಿ ಮರಳುವ ದಾರಿ ಗೊತ್ತಿದ್ದರೆ ಅದನ್ನು ಹೇಗೆ ಬರೆಯಬೇಕೆಂಬುದು ತಾನಾಗಿ ಹೊಳೆಯುತ್ತದೆ. ಶಾಸಕರು ಸಹಿ ಮಾಡಿದ ಸೂಚನೆ ವಿಧಾನಸಭೆ ಸಚಿವಾಲಯಕ್ಕೆ ಹೋಗುತ್ತದೆ. ಅಲ್ಲಿ ನಿಯಮಕ್ಕೆ ತಕ್ಕಂತಿದೆಯೇ ಎಂದು ನೋಡಿ, ಅಂಗೀಕಾರವಾದರೆ ಸಂಬಂಧಪಟ್ಟ ಇಲಾಖೆಗೆ ಕಳಿಸುತ್ತಾರೆ. ಆರೋಗ್ಯ ಇಲಾಖೆಯ ಕಾರ್ಯದರ್ಶಿ ಕಚೇರಿಯಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿಗೆ (ಡಿಎಚ್‌ಒ), ಅವರ ಕಚೇರಿಯಿಂದ ತಾಲ್ಲೂಕು ಆರೋಗ್ಯಾಧಿಕಾರಿಗೆ, ಕೊನೆಗೆ ನಿಮ್ಮ ಪಿಎಚ್‌ಸಿಯ ಗುಮಾಸ್ತರ ಫೋನಿಗೆ. ಇಲಾಖೆಯವರು ಇದನ್ನು ‘ಎಲ್‌ಎಕ್ಯು’ ಎನ್ನುತ್ತಾರೆ, ಪರಿಷತ್ತಿನಿಂದ ಬಂದರೆ ‘ಎಲ್‌ಸಿಕ್ಯು’. ‘ಎಲ್‌ಎಕ್ಯು ಅದ, ಸಂಜಿ ನಾಕಕ್ಕ ಕಳಸ್ರಿ’ ಎಂಬ ಮೆಸೇಜು ಬಂದಾಗ ಕೈಗೆ ಸಿಕ್ಕ ರಿಜಿಸ್ಟರಿನ ಅಂಕಿಯೇ ಮೇಲೆ ಹೋಗುತ್ತದೆ. ಪರಿಶೀಲಿಸಲು ಪುರಸೊತ್ತು ಯಾರಿಗೂ ಇರುವುದಿಲ್ಲ.

ಹಾಗಾಗಿ ಇಲಾಖೆ ಹೇಗಿದ್ದರೂ ಬರೆದಿಡುವ ಅಂಕಿಗಳನ್ನೇ ಕೇಳಬೇಕು. ಹೆರಿಗೆ ಎಷ್ಟು, ಸಿಸೇರಿಯನ್ ಎಷ್ಟು, ಹೊರರೋಗಿಗಳೆಷ್ಟು ಎಂಬುದು ಪ್ರತಿ ತಿಂಗಳು ಎಚ್‌ಎಂಐಎಸ್ ಎಂಬ ಆರೋಗ್ಯ ಮಾಹಿತಿ ವ್ಯವಸ್ಥೆಗೆ ಹೋಗುತ್ತದೆ. ಔಷಧದ ದಾಸ್ತಾನು ಆನ್‌ಲೈನ್ ತಂತ್ರಾಂಶದಲ್ಲಿರುತ್ತದೆ. ಹುದ್ದೆಗಳ ಲೆಕ್ಕ ಡಿಎಚ್‌ಒ ಕಚೇರಿಯ ಆಡಳಿತ ಶಾಖೆಯಲ್ಲಿರುತ್ತದೆ. ಇವನ್ನು ಕೇಳಿದರೆ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂದು ಜಾರಿಕೊಳ್ಳಲು ಆಗದು. ‘ಎಷ್ಟು ಜನ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡಿಕೊಂಡರು’ ಎಂಬುದು ನ್ಯಾಯವಾದ ಪ್ರಶ್ನೆಯೇ, ಆದರೆ ಆ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಪ್ರಶ್ನೆ ಬರೆಯುವ ಮೊದಲು ಅದು ಯಾವ ಸಚಿವರಿಗೆ ಹೋಗಬೇಕೆಂದು ಖಚಿತಪಡಿಸಿಕೊಳ್ಳಿ. ಎಷ್ಟೋ ಪ್ರಶ್ನೆಗಳು ಇಲ್ಲಿಯೇ ಸತ್ತುಹೋಗುತ್ತವೆ. ನಿಮ್ಮ ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ ಎರಡೂ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯವು. ಆದರೆ ಅವರು ‘ಒಯ್ರಿ’ ಎನ್ನುವ ಬೆಳಗಾವಿಯ ಜಿಲ್ಲಾ ಆಸ್ಪತ್ರೆ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್‌ಗೆ ಸೇರಿದ್ದು, ಅಂದರೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ಅಲ್ಲಿನ ಹಾಸಿಗೆ, ವೆಂಟಿಲೇಟರ್, ಸಿಬ್ಬಂದಿ ಬಗ್ಗೆ ಆರೋಗ್ಯ ಸಚಿವರನ್ನು ಕೇಳಿದರೆ ‘ನಮ್ಮ ಇಲಾಖೆಗೆ ಸಂಬಂಧಿಸಿರುವುದಿಲ್ಲ’ ಎಂದೇ ಉತ್ತರ. ಬೆಳಗಾವಿಯ ಇಎಸ್‌ಐ ಆಸ್ಪತ್ರೆ ಕಾರ್ಮಿಕ ಇಲಾಖೆಗೆ ಬರುತ್ತದೆ. ದಂಡುಮಂಡಳಿ ಆಸ್ಪತ್ರೆ ರಕ್ಷಣಾ ಸಚಿವಾಲಯದ ಕೆಳಗಿನದು, ಅದನ್ನು ಸಂಸದರೇ ಲೋಕಸಭೆಯಲ್ಲಿ ಕೇಳಬೇಕು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 6ನೇ ನಮೂದು ‘ಸಾರ್ವಜನಿಕ ಆರೋಗ್ಯ ಮತ್ತು ನೈರ್ಮಲ್ಯ, ಆಸ್ಪತ್ರೆಗಳು ಮತ್ತು ಔಷಧಾಲಯಗಳು’ ಎಂಬುದು. ಹಾಗಾಗಿ ಉಳಿದ ಬಹುಪಾಲು ವಿಷಯ ಶಾಸಕರ ಪಾಲಿನದೇ. ‘ಸಂಸದರಿಗೆ ಹೇಳ್ರಿ’ ಎಂದು ಕೈ ತೊಳೆದುಕೊಳ್ಳುವವರಿಗೆ ಈ ನಮೂದಿನ ಸಂಖ್ಯೆ ಹೇಳಿ.

ಆಸ್ಪತ್ರೆಯ ಆಚೆಗಿನ ಬೆಂಬಲ ಸೇವೆಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಆಶಾ ಕಾರ್ಯಕರ್ತೆಯರು ಆರೋಗ್ಯ ಇಲಾಖೆಯವರು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಅಪೌಷ್ಟಿಕ ಮಗುವನ್ನು ಗುರುತಿಸುವವರು ಅಂಗನವಾಡಿಯವರು, ಆ ಮಗುವನ್ನು ದಾಖಲಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರ ಆರೋಗ್ಯದವರದು. ಒಬ್ಬರನ್ನೇ ಕೇಳಿದರೆ ನಡುವೆ ಎಷ್ಟು ಮಕ್ಕಳು ಬಿಟ್ಟುಹೋದರು ಎಂಬುದು ತಿಳಿಯುವುದಿಲ್ಲ. ಒಂದೇ ಅವಧಿಗೆ ಎರಡೂ ಇಲಾಖೆಗಳಿಗೆ ಎರಡು ಪ್ರಶ್ನೆ ಹಾಕಿಸಿ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ಇವರು ಕಳಿಸಿದ್ದೆಷ್ಟು, ಅವರು ಸೇರಿಸಿಕೊಂಡದ್ದೆಷ್ಟು. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ಮಾಸಾಶನ ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯದ ಕೈಯಲ್ಲಿವೆ. ಹಳ್ಳಿಯ ಕುಡಿಯುವ ನೀರು ಕೆಟ್ಟು ವಾಂತಿಭೇದಿ ಆದರೆ ಚಿಕಿತ್ಸೆ ಆರೋಗ್ಯದ್ದು, ಪೈಪು ಗ್ರಾಮೀಣಾಭಿವೃದ್ಧಿಯದು. ಖಾನಾಪುರದ ಕಾಡಿನೊಳಗಿನ ಊರುಗಳಿಗೆ ಮಳೆಗಾಲದಲ್ಲಿ ಆಂಬುಲೆನ್ಸ್ ಹೋಗದಿದ್ದರೆ ಆರೋಗ್ಯ ಸಚಿವರನ್ನು ಎಷ್ಟು ಕೇಳಿದರೂ ಅಷ್ಟೇ, ರಸ್ತೆಯ ಕಡತ ಅರಣ್ಯ ಇಲಾಖೆಯ ಅನುಮತಿಗೆ ಕಾದಿರುತ್ತದೆ.

ಇನ್ನು ನಿಮ್ಮ ವಿಷಯಕ್ಕೆ ಪ್ರಶ್ನೆಯನ್ನು ಹೀಗೆ ಬರೆಯಬಹುದು:

(ಅ) ……… ವಿಧಾನಸಭಾ ಕ್ಷೇತ್ರ ವ್ಯಾಪ್ತಿಯ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಂಜೂರಾಗಿರುವ ವೈದ್ಯಾಧಿಕಾರಿ, ಶುಶ್ರೂಷಣಾಧಿಕಾರಿ, ಫಾರ್ಮಸಿ ಅಧಿಕಾರಿ ಹಾಗೂ ಪ್ರಯೋಗಶಾಲಾ ತಂತ್ರಜ್ಞಾಧಿಕಾರಿ ಹುದ್ದೆಗಳೆಷ್ಟು. ಅವುಗಳಲ್ಲಿ ಕಾಯಂ ಹಾಗೂ ಗುತ್ತಿಗೆ ನೌಕರರು ಪ್ರತ್ಯೇಕವಾಗಿ ಎಷ್ಟು. (ಕೇಂದ್ರವಾರು ವಿವರ ನೀಡುವುದು)

(ಆ) ಸದರಿ ಕೇಂದ್ರಗಳಲ್ಲಿ ವೇತನ ಪಡೆಯುತ್ತಿದ್ದು ನಿಯೋಜನೆ, ದೀರ್ಘ ರಜೆ ಅಥವಾ ಉನ್ನತ ವ್ಯಾಸಂಗದ ಮೇಲೆ ಬೇರೆಡೆ ಇರುವವರೆಷ್ಟು; ಯಾವ ದಿನಾಂಕದಿಂದ ಹಾಗೂ ಯಾವ ಆದೇಶದ ಮೇರೆಗೆ;

(ಇ) ವೈದ್ಯಾಧಿಕಾರಿ ಹುದ್ದೆ ಖಾಲಿಯಾದ ದಿನಾಂಕ, ಭರ್ತಿಗೆ ಪ್ರಕಟಣೆ ಹೊರಡಿಸಿದ ದಿನಾಂಕ, ಬಂದ ಅರ್ಜಿಗಳು, ಆಯ್ಕೆಯಾದವರು ಹಾಗೂ ವರದಿ ಮಾಡಿಕೊಂಡವರ ಸಂಖ್ಯೆ ಎಷ್ಟು?

ಇದರಲ್ಲಿ ಅತಿ ಮುಖ್ಯವಾದದ್ದು (ಆ). ‘ಮಂಜೂರು, ಭರ್ತಿ, ಖಾಲಿ’ ಎಂಬ ಮೂರು ಕಾಲಂಗಳನ್ನು ಮಾತ್ರ ಕೇಳಿದರೆ ನಿಮ್ಮ ಊರಿನ ಹುದ್ದೆ ಭರ್ತಿಯಾಗಿದೆ ಎಂದೇ ಬರಬಹುದು. ವೈದ್ಯರ ಸಂಬಳ ನಿಮ್ಮ ಕೇಂದ್ರದ ಹೆಸರಿನಲ್ಲೇ ಆಗುತ್ತಿರುತ್ತದೆ, ಅವರು ಜಿಲ್ಲಾ ಕೇಂದ್ರದಲ್ಲಿ ಓಓಡಿ (ಅನ್ಯ ಕರ್ತವ್ಯದ ನಿಯೋಜನೆ) ಮೇಲೆ ಕೆಲಸ ಮಾಡುತ್ತಿರುತ್ತಾರೆ. ಸೇವೆಯಲ್ಲಿದ್ದೇ ಸ್ನಾತಕೋತ್ತರ ಓದಲು ಹೋದವರ ಹುದ್ದೆಯೂ ಕಾಗದದ ಮೇಲೆ ತುಂಬಿರುತ್ತದೆ. ವಾರಕ್ಕೆ ಎರಡು ದಿನ ಪಕ್ಕದ ಕೇಂದ್ರದಿಂದ ಬಂದುಹೋಗುವವರನ್ನು ‘ಪ್ರಭಾರ’ ಎಂದು ತೋರಿಸಿರುತ್ತಾರೆ. ‘ಯಾವ ಆದೇಶದ ಮೇರೆಗೆ’ ಎಂಬ ಮೂರೇ ಪದ ಸೇರಿಸಿದರೆ ಎಷ್ಟೋ ಮೌಖಿಕ ನಿಯೋಜನೆಗಳು ಉತ್ತರ ಬರುವ ಮೊದಲೇ ರದ್ದಾಗುತ್ತವೆ. ಕಾರಣ ಸರಳ. ಸಂಖ್ಯೆಯಿಲ್ಲದ ಆದೇಶವನ್ನು ಸದನಕ್ಕೆ ಬರೆದು ಕೊಡಲು ಯಾವ ಅಧಿಕಾರಿಯೂ ತಯಾರಿರುವುದಿಲ್ಲ.

(ಇ) ಕೇಳುವುದು ಬೇರೆ ಕಾರಣಕ್ಕೆ. ಹುದ್ದೆ ಖಾಲಿ ಇರುವುದಕ್ಕೆ ಕಾರಣಗಳು ಹಲವು, ಒಂದೊಂದಕ್ಕೂ ಮದ್ದು ಬೇರೆ. ಪ್ರಕಟಣೆಯೇ ಹೊರಡದಿದ್ದರೆ ಕಡತ ಆರ್ಥಿಕ ಇಲಾಖೆಯ ಸಹಮತಿಗೆ ನಿಂತಿದೆ ಎಂದರ್ಥ, ಒತ್ತಡ ಅಲ್ಲಿ ಹಾಕಬೇಕು. ಪ್ರಕಟಣೆ ಹೊರಟು ಅರ್ಜಿಯೇ ಬಾರದಿದ್ದರೆ ಗುತ್ತಿಗೆ ಸಂಬಳ ಸಾಲುತ್ತಿಲ್ಲ. ಆಯ್ಕೆಯಾಗಿ ಬಂದವರು ಎರಡೇ ತಿಂಗಳಿಗೆ ಹೋದರೆ ವಸತಿಗೃಹದ ಮಾಡು ಸೋರುತ್ತಿದೆಯೇ, ಮಕ್ಕಳ ಶಾಲೆ ದೂರವೇ ಎಂಬುದನ್ನು ನೋಡಬೇಕು. ವೈದ್ಯರ ವರ್ಗಾವಣೆ ನಿಯಂತ್ರಣಕ್ಕೆ 2011ರ ಕಾಯ್ದೆ ಇದೆ, ಓದು ಮುಗಿಸಿದವರ ಕಡ್ಡಾಯ ಸೇವೆಗೆ 2012ರ ಕಾಯ್ದೆ ಇದೆ. ಇವೆರಡರಡಿ ನಿಮ್ಮ ತಾಲ್ಲೂಕಿಗೆ ಎಷ್ಟು ಜನರನ್ನು ಹಾಕಿದರು, ಎಷ್ಟು ಜನ ಹಾಜರಾದರು ಎಂದು ಇನ್ನೊಂದು ಪ್ರಶ್ನೆಯಲ್ಲಿ ಕೇಳಬಹುದು.

ಹೆರಿಗೆಯ ವಿಷಯವನ್ನು ಇದೇ ಪ್ರಶ್ನೆಗೆ ಜೋಡಿಸಬೇಡಿ. ಒಂದು ಪ್ರಶ್ನೆಯಲ್ಲಿ ಒಂದೇ ವಿಷಯ ಇರಬೇಕು, ಇಲ್ಲದಿದ್ದರೆ ಸಚಿವಾಲಯ ಕತ್ತರಿಸುತ್ತದೆ ಅಥವಾ ಹಿಂದಕ್ಕೆ ಕಳಿಸುತ್ತದೆ. ಪಿಎಚ್‌ಸಿಯ ಪ್ರಶ್ನೆಯನ್ನು ಶಾಸಕರಿಂದ, ತಾಲ್ಲೂಕು ಆಸ್ಪತ್ರೆಯದನ್ನು ವಿಧಾನ ಪರಿಷತ್ ಸದಸ್ಯರಿಂದ ಕೇಳಿಸಿ. ಪರಿಷತ್ತಿನ ಬಾಗಿಲು ತಟ್ಟುವುದು ನಮ್ಮ ಕಡೆ ಜನರಿಗೆ ಹೊಳೆಯುವುದೇ ಇಲ್ಲ. ಬೆಳಗಾವಿ ಜಿಲ್ಲೆಗೆ 18, ವಿಜಯಪುರಕ್ಕೆ 8, ಬಾಗಲಕೋಟೆಗೆ 7 ವಿಧಾನಸಭಾ ಕ್ಷೇತ್ರಗಳಿವೆ. ಅದರ ಮೇಲೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ, ವಾಯವ್ಯ ಪದವೀಧರ ಹಾಗೂ ಶಿಕ್ಷಕರ ಕ್ಷೇತ್ರಗಳಿಂದ ಗೆದ್ದ ಪರಿಷತ್ ಸದಸ್ಯರೂ ನಿಮ್ಮವರೇ. ಸರ್ಕಾರ ಎರಡೂ ಸದನಕ್ಕೆ ಉತ್ತರ ಕೊಡಲೇಬೇಕು. 224 ಜನರ ಸಭೆಗಿಂತ 75 ಜನರ ಪರಿಷತ್ತಿನಲ್ಲಿ ಒಬ್ಬ ಸದಸ್ಯನಿಗೆ ಮಾತಿಗೆ ಎಡೆ ಸಿಗುವುದು ಸುಲಭ. ಆಡಳಿತ ಪಕ್ಷದ ಶಾಸಕರು ತಮ್ಮದೇ ಸಚಿವರಿಗೆ ಮುಜುಗರವಾದೀತೆಂದು ಹಿಂಜರಿದರೆ ಅವರ ಮೇಲೆ ಸಿಟ್ಟಾಗುವ ಬದಲು ಈ ದಾರಿ ಹಿಡಿಯುವುದು ಮೇಲು.

ತಾಲ್ಲೂಕು ಆಸ್ಪತ್ರೆಯ ‘ಒಯ್ರಿ’ಯ ಹಿಂದಿನ ಕಾರಣ ಬಹುತೇಕ ಒಂದೇ. ಸಿಸೇರಿಯನ್ ಮಾಡಬೇಕಾದರೆ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಒಟ್ಟಿಗೆ ಇರಬೇಕು, ರಕ್ತ ಕೈಗೆಟುಕುವಂತಿರಬೇಕು. ಇವರಲ್ಲಿ ಅರಿವಳಿಕೆಯವರು ಇಲ್ಲದಿದ್ದರೆ ಉಳಿದಿಬ್ಬರಿದ್ದೂ ಆಪರೇಷನ್ ಥಿಯೇಟರಿನ ಬಾಗಿಲು ತೆರೆಯದು. ಇಂಥ ಆಸ್ಪತ್ರೆಯ ಬಗ್ಗೆ ‘ತಜ್ಞ ವೈದ್ಯರ ಹುದ್ದೆಗಳಲ್ಲಿ ಶೇಕಡಾ ಎಷ್ಟು ಭರ್ತಿಯಾಗಿದೆ’ ಎಂದು ಕೇಳಿದರೆ ಒಳ್ಳೆಯ ಅಂಕಿಯೇ ಬರುತ್ತದೆ, ಕಣ್ಣು, ಮೂಳೆ, ಹಲ್ಲು ಎಲ್ಲ ತುಂಬಿರುತ್ತವಲ್ಲ. ಬದಲಿಗೆ ತಿಂಗಳುವಾರು ಮೂರು ಅಂಕಿ ಕೇಳಿಸಿ: ಆದ ಹೆರಿಗೆಗಳು, ಆದ ಸಿಸೇರಿಯನ್‌ಗಳು, ಹೆರಿಗೆಗೆಂದು ದಾಖಲಾಗಿ ಮೇಲಿನ ಆಸ್ಪತ್ರೆಗೆ ಕಳುಹಿಸಲಾದವರು. ಯಾವ ತಿಂಗಳಿಂದ ಸಿಸೇರಿಯನ್ ಸೊನ್ನೆಯಾಗಿ ರೆಫರ್ ಏರಿತೋ ಆ ತಿಂಗಳು ಯಾರೋ ಒಬ್ಬರು ವರ್ಗವಾಗಿ ಹೋಗಿದ್ದಾರೆ. ಆ ಕೋಷ್ಟಕ ಸಚಿವರ ಕೈಗೆ ಹೋದರೆ ಭಾಷಣ ಬೇಕಾಗುವುದಿಲ್ಲ. ಇದರ ಜೊತೆ ‘ರಕ್ತ ಶೇಖರಣಾ ಘಟಕ ಇದೆಯೇ, ಪರವಾನಗಿ ಯಾವ ದಿನಾಂಕದವರೆಗೆ ಊರ್ಜಿತವಿದೆ’ ಎಂದೂ ಸೇರಿಸಿ. ಫ್ರಿಜ್ ಇದ್ದು ಪರವಾನಗಿ ನವೀಕರಣವಾಗದ ಘಟಕ ಇದ್ದರೂ ಇಲ್ಲದಂತೆಯೇ.

ಡಯಾಲಿಸಿಸ್‌ನಲ್ಲೂ ಇದೇ ಲೆಕ್ಕಾಚಾರ. ‘ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಸೌಲಭ್ಯ ಇದೆಯೇ’ ಎಂದರೆ ‘ಇದೆ’. ಒಬ್ಬ ರೋಗಿಗೆ ಒಂದು ಸಲಕ್ಕೆ ನಾಲ್ಕು ತಾಸು, ವಾರಕ್ಕೆ ಎರಡರಿಂದ ಮೂರು ಸಲ ಬೇಕು. ಒಂದು ಯಂತ್ರ ದಿನಕ್ಕೆ ಎರಡು ಪಾಳಿಯಂತೆ ವಾರಕ್ಕೆ ಆರು ದಿನ ನಡೆದರೆ 12 ಸರದಿ, ಅಂದರೆ ವಾರಕ್ಕೆ ಮೂರು ಸಲದ ರೋಗಿಗಳಾದರೆ ನಾಲ್ವರು. ಮೂರು ಯಂತ್ರಕ್ಕೆ 12 ಜನ. ಆಸ್ಪತ್ರೆಯಲ್ಲಿ ಹೆಸರು ಬರೆಸಿದವರು 30 ಮಂದಿ ಇದ್ದರೆ ಉಳಿದ 18 ಜನ ಎಲ್ಲಿ ಹೋಗುತ್ತಿದ್ದಾರೆ ಎಂಬುದೇ ಪ್ರಶ್ನೆ. ಹಾಗಾಗಿ ಯಂತ್ರಗಳ ಸಂಖ್ಯೆ, ಕೆಲಸ ಮಾಡುತ್ತಿರುವವು, ತಂತ್ರಜ್ಞರು, ತಿಂಗಳಿಗಾದ ಸರದಿಗಳು, ಕಾಯುವವರ ಪಟ್ಟಿ, ಆರ್‌ಒ ನೀರಿನ ಘಟಕ ಕೆಟ್ಟು ನಿಂತ ದಿನಗಳು ಎಂದು ಬಿಡಿಬಿಡಿಯಾಗಿ ಕೇಳಬೇಕು. ಯಂತ್ರಗಳಲ್ಲಿ ಲೋಪವಿಲ್ಲದೆಯೂ ಘಟಕ ಬಂದ್ ಆಗುವುದು ಹೆಚ್ಚಾಗಿ ಆ ನೀರಿನ ಘಟಕದಿಂದಲೇ.

ಔಷಧಿಗೆ ‘ಕೊರತೆ ಇದೆಯೇ’ ಎಂದು ಎಂದೂ ಕೇಳಬಾರದು. ‘ಇರುವುದಿಲ್ಲ’ ಎಂದೇ ಉತ್ತರ, ಏಕೆಂದರೆ ಆ ದಿನ ಬೆಳಗ್ಗೆ ಜಿಲ್ಲಾ ಉಗ್ರಾಣದಲ್ಲಿ ದಾಸ್ತಾನು ಇರುತ್ತದೆ. ನಿರ್ದಿಷ್ಟವಾಗಿ ಹತ್ತು ಔಷಧಗಳ ಹೆಸರು ಬರೆಯಿರಿ: ಹಾವು ಕಡಿತದ ಪ್ರತಿವಿಷ, ರೇಬಿಸ್ ಲಸಿಕೆ, ಇನ್ಸುಲಿನ್, ಮೆಟ್‌ಫಾರ್ಮಿನ್, ಆಕ್ಸಿಟೋಸಿನ್, ಕಬ್ಬಿಣಾಂಶದ ಮಾತ್ರೆ ಹೀಗೆ. ಪ್ರತಿಯೊಂದಕ್ಕೂ ಕೇಂದ್ರಗಳು ಸಲ್ಲಿಸಿದ ಬೇಡಿಕೆ ಎಷ್ಟು, ವೈದ್ಯಕೀಯ ಸರಬರಾಜು ನಿಗಮ ಪೂರೈಸಿದ್ದೆಷ್ಟು, ಸ್ಥಳೀಯವಾಗಿ ಖರೀದಿಸಿದ್ದೆಷ್ಟು, ದಾಸ್ತಾನು ಸೊನ್ನೆಯಿದ್ದ ದಿನಗಳೆಷ್ಟು, ಅವಧಿ ಮೀರಿ ಬಿಸಾಕಿದ್ದೆಷ್ಟು. ಬೇಡಿಕೆ ಮತ್ತು ಪೂರೈಕೆಯ ನಡುವಿನ ಅಂತರವೇ ನಿಮಗೆ ಬೇಕಾದ ಉತ್ತರ. ಗುಣಮಟ್ಟದ್ದು ಇನ್ನೊಂದು ಬದಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಶಂಕೆ ಬಿದ್ದದ್ದು ಡ್ರಿಪ್‌ಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಮರುತಿಂಗಳ ಬೆಳಗಾವಿ ಅಧಿವೇಶನದಲ್ಲಿ ಅದು ದೊಡ್ಡ ಚರ್ಚೆಯಾಯಿತು. ಅಂಥ ವಿಷಯದಲ್ಲಿ ಕೇಳಬೇಕಾದದ್ದು ಬ್ಯಾಚ್ ಸಂಖ್ಯೆಯಿಂದ ಶುರುವಾಗುತ್ತದೆ: ಆ ಬ್ಯಾಚು ಯಾವ ಜಿಲ್ಲೆಗಳಿಗೆ ಹೋಗಿತ್ತು, ಪ್ರಯೋಗಾಲಯದ ವರದಿ ಯಾವ ದಿನಾಂಕದ್ದು, ಬಳಕೆ ನಿಲ್ಲಿಸುವ ಸೂಚನೆ ಆಸ್ಪತ್ರೆಯ ವಾರ್ಡಿಗೆ ಮುಟ್ಟಿದ್ದು ಯಾವಾಗ. ವರದಿಯ ದಿನಾಂಕಕ್ಕೂ ವಾರ್ಡಿಗೆ ಮುಟ್ಟಿದ ದಿನಾಂಕಕ್ಕೂ ನಡುವೆ ಎಷ್ಟು ದಿನ ಕಳೆಯಿತೋ ಅಷ್ಟು ದಿನ ಅದೇ ಬಾಟಲಿ ರೋಗಿಗಳಿಗೆ ಏರುತ್ತಿರುತ್ತದೆ.

ಹೊಸ ತಾಲ್ಲೂಕುಗಳವರು ಇನ್ನೊಂದು ತಪ್ಪು ಮಾಡುತ್ತಾರೆ. ಕಾಗವಾಡ, ಮೂಡಲಗಿ, ತಿಕೋಟಾ, ಚಡಚಣ, ಗುಳೇದಗುಡ್ಡದಂಥ ಕಡೆ ‘ನೂರು ಹಾಸಿಗೆಯ ಆಸ್ಪತ್ರೆ ಯಾವಾಗ’ ಎಂದು ಕೇಳುತ್ತಾರೆ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಪರಿಶೀಲಿಸಲಾಗುವುದು’ ಎಂಬುದು ಅದಕ್ಕೆ ಖಾಯಂ ಉತ್ತರ. ಜನಸಂಖ್ಯೆಯ ಮಾನದಂಡ ಹಿಡಿದು ಕೇಳಿದರೆ ಉತ್ತರಿಸುವವರಿಗೆ ಕಷ್ಟ. ಬಯಲು ಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000ಕ್ಕೊಂದು ಪಿಎಚ್‌ಸಿ, 1,20,000ಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ. ಗುಡ್ಡಗಾಡಿನಲ್ಲಿ ಇದು ಕ್ರಮವಾಗಿ 3,000, 20,000, 80,000. ‘ಈ ಮಾನದಂಡದಂತೆ ಈ ತಾಲ್ಲೂಕಿಗೆ ಎಷ್ಟು ಕೇಂದ್ರ ಬೇಕು, ಇರುವುದೆಷ್ಟು, ಉಳಿದವಕ್ಕೆ ಪ್ರಸ್ತಾವನೆ ಸಲ್ಲಿಕೆಯಾಗಿದೆಯೇ, ಆದ ದಿನಾಂಕ ಯಾವುದು’ ಎಂದು ಕೇಳಿಸಿ. ಖಾನಾಪುರದ ಪಶ್ಚಿಮ ಭಾಗದವರು ತಮ್ಮನ್ನು ಯಾವ ಮಾನದಂಡದಲ್ಲಿ ಎಣಿಸಿದ್ದಾರೆ ಎಂದು ಮೊದಲು ಕೇಳಬೇಕು, ಬಯಲಿನ ಲೆಕ್ಕದಲ್ಲಿ ಹಾಕಿದ್ದರೆ ಕೊರತೆಯೇ ಕಾಣಿಸುವುದಿಲ್ಲ. ಗಡಿಯವರ ಪ್ರಶ್ನೆಯೂ ಇದೇ ಜಾತಿಯದು. ಅಥಣಿ, ಕಾಗವಾಡದವರು ಮೀರಜಿಗೆ, ಇಂಡಿ, ಚಡಚಣದವರು ಸೋಲಾಪುರಕ್ಕೆ ಹೋಗುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ‘ಈ ಗಡಿ ತಾಲ್ಲೂಕುಗಳ ಕಾರ್ಡುದಾರರು ರಾಜ್ಯದ ಹೊರಗಿನ ಆಸ್ಪತ್ರೆಗಳಲ್ಲಿ ಪಡೆದ ಚಿಕಿತ್ಸೆಗೆ ಸಲ್ಲಿಸಿದ ಕ್ಲೇಮುಗಳೆಷ್ಟು, ಪಾವತಿಯಾದವೆಷ್ಟು, ತಿರಸ್ಕೃತವಾದವೆಷ್ಟು, ಕಾರಣವಾರು’ ಎಂದು ಕೇಳಿಸಿದರೆ ತಿರಸ್ಕಾರದ ಕಾರಣಗಳ ಕಾಲಂನಲ್ಲಿ ಎಲ್ಲ ಗೊತ್ತಾಗುತ್ತದೆ.

ಕೆಲವು ಸಮೂಹಗಳು ರಿಜಿಸ್ಟರಿನಲ್ಲೇ ಇಲ್ಲದಿರುವುದು ಬೇರೆಯೇ ಸಮಸ್ಯೆ. ವಿಜಯಪುರದ ತಾಂಡಾಗಳಿಂದ ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋದವರ ಮಕ್ಕಳು ಲಸಿಕೆಯ ದಿನ ಊರಲ್ಲಿರುವುದಿಲ್ಲ. ‘ವಲಸೆ ಹೋದ ಕುಟುಂಬಗಳ ಲಸಿಕೆ ಬಾಕಿ ಇರುವ ಮಕ್ಕಳ ಪಟ್ಟಿಯನ್ನು ಯಾರು ಇಡುತ್ತಾರೆ’ ಎಂಬಲ್ಲಿಂದ ಕೇಳಬೇಕು. ಮಾಜಿ ದೇವದಾಸಿಯರ ಮಾಸಾಶನ, ವಸತಿಗೆ 1993-94 ಮತ್ತು 2007-08ರ ಸಮೀಕ್ಷೆಗಳ ಪಟ್ಟಿಯೇ ಆಧಾರವಾಗಿ ಬಂದಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಗೆ ಇದು ಬಿಸಿ ವಿಷಯ. ಪಟ್ಟಿಯಲ್ಲಿ ಬಿಟ್ಟುಹೋದವರಿಂದ ಬಂದ ಅರ್ಜಿಗಳೆಷ್ಟು, ತೀರ್ಮಾನವಾದವೆಷ್ಟು ಎಂಬುದನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರನ್ನು ಕೇಳಬೇಕು. ಎಚ್‌ಐವಿ ಸಂಬಂಧದ ಪ್ರಶ್ನೆಯಲ್ಲಿ ಊರು, ಹೆಸರು, ಗುರುತು ಸಿಗುವಂಥ ಏನನ್ನೂ ಹಾಕಿಸಬೇಡಿ. 2017ರ ಕಾಯ್ದೆ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ, ಅದಕ್ಕಿಂತ ಮುಖ್ಯವಾಗಿ ಸದನದ ಉತ್ತರ ಎಲ್ಲರೂ ಓದುವ ಕಾಗದ. ಜಿಲ್ಲಾವಾರು ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರ, ಔಷಧ ದಾಸ್ತಾನು, ಆಪ್ತಸಮಾಲೋಚಕರ ಹುದ್ದೆ ಇಷ್ಟು ಸಾಕು.

ಪ್ರಶ್ನೆಯಲ್ಲಿ ಏನಿರಬಾರದು ಎಂಬುದಕ್ಕೂ ನಿಯಮಗಳಿವೆ: ವಾದ, ವ್ಯಂಗ್ಯ, ಆಪಾದನೆ, ಸಚಿವರ ಅಭಿಪ್ರಾಯ ಕೇಳುವುದು, ನ್ಯಾಯಾಲಯದಲ್ಲಿರುವ ವಿಷಯ. ‘ಅಧಿಕಾರಿಗಳ ಬೇಜವಾಬ್ದಾರಿಯಿಂದ’ ಎಂದು ಬರೆದರೆ ಆ ಭಾಗ ಹೋಗುತ್ತದೆ. ವ್ಯಕ್ತಿಯ ಹೆಸರು ಹಾಕಿದರೆ ಇಡೀ ಪ್ರಶ್ನೆಯೇ ಹೋಗಬಹುದು.

ಚುಕ್ಕೆ ಗುರುತಿನದೋ ಚುಕ್ಕೆ ರಹಿತವೋ ಎಂದು ಶಾಸಕರ ಆಪ್ತ ಸಹಾಯಕರು ಕೇಳುತ್ತಾರೆ. ಚುಕ್ಕೆಯದಕ್ಕೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು; ಚುಕ್ಕೆ ರಹಿತಕ್ಕೆ ಲಿಖಿತ ಉತ್ತರವಷ್ಟೇ. ಆದರೆ ಪ್ರಶ್ನೋತ್ತರ ಅವಧಿ ಒಂದೇ ಗಂಟೆ, ದಿನದ ಪಟ್ಟಿ ಮುಗಿಯುವುದು ಅಪರೂಪ, ಗದ್ದಲವಾದರಂತೂ ಎರಡು ಮೂರಕ್ಕೇ ನಿಲ್ಲುತ್ತದೆ. ಸರದಿ ಬಾರದವಕ್ಕೆ ಲಿಖಿತ ಉತ್ತರ ಮಂಡನೆಯಾಗುತ್ತದೆ. ಎಲ್ಲರೂ ಚುಕ್ಕೆಗೆ ಆಸೆ ಪಡುತ್ತಾರೆ, ಟಿವಿಯಲ್ಲಿ ಬರುತ್ತದಲ್ಲ. ಅನುಬಂಧಗಳಿರುವ ಅಂಕಿ ಅಂಶದ ಪ್ರಶ್ನೆಗೆ ಚುಕ್ಕೆ ರಹಿತವೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಅದರಿಂದ ಅಂಕಿ ತರಿಸಿಕೊಂಡು, ಮುಂದಿನ ಅಧಿವೇಶನದಲ್ಲಿ ಅದೇ ಅಂಕಿ ಹಿಡಿದು ಚುಕ್ಕೆ ಗುರುತಿನದನ್ನು ಹಾಕಿಸುವುದು ಬಲವಾದ ಕ್ರಮ. ತುರ್ತು ಘಟನೆಯಾದರೆ ದಾರಿಗಳು ಬೇರೆ: ಗಮನ ಸೆಳೆಯುವ ಸೂಚನೆ ವಿಧಾನಸಭೆಯಲ್ಲಿ ನಿಯಮ 73, ಪರಿಷತ್ತಿನಲ್ಲಿ ನಿಯಮ 72. ಸಾರ್ವಜನಿಕ ಮಹತ್ವದ ಚರ್ಚೆಗೆ 69 ಮತ್ತು 68. ಉಳಿದ ಕಲಾಪ ಬದಿಗಿಟ್ಟು ಚರ್ಚಿಸಲು ಕೇಳುವ ನಿಲುವಳಿ ಸೂಚನೆಗೆ 60 ಮತ್ತು 59. ಕ್ಷೇತ್ರದ ಸಣ್ಣ ವಿಷಯಕ್ಕೆ ಸಭೆಯಲ್ಲಿ 351, ಪರಿಷತ್ತಿನಲ್ಲಿ 330. ಶೂನ್ಯವೇಳೆ ಕೊನೆಯ ಆಯ್ಕೆ. ಅಲ್ಲಿ ಸಚಿವರು ಆ ಕ್ಷಣದಲ್ಲಿ ಏನು ಹೇಳುತ್ತಾರೋ ಅಷ್ಟೇ ಸಿಗುತ್ತದೆ, ಅನುಬಂಧ ಸಿಗುವುದಿಲ್ಲ.

ಸಮಯ ಮುಖ್ಯ. ಸಚಿವರನ್ನು ಗುಂಪುಗಳಾಗಿ ಮಾಡಿ ಪ್ರತಿ ಗುಂಪಿಗೂ ದಿನ ಗೊತ್ತು ಮಾಡಿರುತ್ತಾರೆ, ಆ ದಿನದ ಪ್ರಶ್ನೆಗೆ ಸೂಚನೆ ಕೊಡುವ ಕೊನೆಯ ದಿನವೂ ಪಟ್ಟಿಯಲ್ಲಿರುತ್ತದೆ. ಚಳಿಗಾಲದ ಅಧಿವೇಶನ ನಡೆಯುವುದು ಎರಡು ವಾರದ ಆಸುಪಾಸು, ಆರೋಗ್ಯ ಸಚಿವರ ಸರದಿ ಒಂದೆರಡು ಸಲವಷ್ಟೇ ಬರುತ್ತದೆ. ಅಧಿವೇಶನ ಶುರುವಾದ ಮೇಲೆ ಹಲಗಾ–ಬಸ್ತವಾಡದ ಸುವರ್ಣ ವಿಧಾನಸೌಧಕ್ಕೆ ಮನವಿ ಹಿಡಿದು ಹೋದರೆ, ಕೊಂಡಸಕೊಪ್ಪದ ಟೆಂಟಿನಲ್ಲಿ ಧರಣಿ ಕೂತರೆ ಸುದ್ದಿಯಾದೀತು, ಪ್ರಶ್ನೆಯ ಗಡುವು ಮುಗಿದಿರುತ್ತದೆ. ಅಧಿವೇಶನದ ದಿನಾಂಕ ಪೇಪರಿನಲ್ಲಿ ಬಂದ ದಿನವೇ ಕರಡು ಶಾಸಕರ ಕಚೇರಿಯಲ್ಲಿರಬೇಕು. ಒಂದೇ ಪುಟ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು, ಪ್ರಶ್ನೆಯ ಭಾಷೆಯಲ್ಲೇ ಇದ್ದರೆ ಸಹಾಯಕರು ಮತ್ತೆ ಬರೆಯುವ ಗೋಜಿಗೆ ಹೋಗದೆ ಸಹಿಗೆ ಇಡುತ್ತಾರೆ. ಮೂರು ಪುಟದ ಅಹವಾಲು ಕೊಟ್ಟರೆ ಅದು ಮತ್ತೆ ‘ಗಮನಕ್ಕೆ ಬಂದಿದೆಯೇ’ ಆಗಿ ಹೊರಬರುತ್ತದೆ.

ಉತ್ತರ ಬಂದ ಮೇಲಿನದೇ ಅರ್ಧ ಕೆಲಸ. ಉತ್ತರದ ಹಾಳೆಯ ಮೇಲೆ ಪ್ರಶ್ನೆ ಸಂಖ್ಯೆ, ಉತ್ತರಿಸಿದ ದಿನಾಂಕ, ಇಲಾಖೆಯ ಕಡತ ಸಂಖ್ಯೆ ಇರುತ್ತದೆ. ವಿಧಾನಸಭೆಯ ಜಾಲತಾಣದಲ್ಲೂ ಉತ್ತರಗಳು ಸಿಗುತ್ತವೆ, ಅನುಬಂಧ ಇಲ್ಲದಿದ್ದರೆ ಶಾಸಕರ ಕಚೇರಿಯಿಂದ ಪ್ರತಿ ತೆಗೆದುಕೊಳ್ಳಿ. ಕ್ರಿಯಾಪದಗಳನ್ನು ಗಮನವಿಟ್ಟು ಓದಿ. ‘ಕ್ರಮ ವಹಿಸಲಾಗುತ್ತಿದೆ’ ಎಂಬುದು ಹೇಳಿಕೆ, ‘ಕ್ರಮ ವಹಿಸಲಾಗುವುದು’ ಎಂಬುದು ಸದನಕ್ಕೆ ಕೊಟ್ಟ ಮಾತು. ಎರಡನೆಯದನ್ನು ಸರ್ಕಾರಿ ಭರವಸೆಗಳ ಸಮಿತಿ ಕೈಗೆತ್ತಿಕೊಳ್ಳಬಹುದು. ನಿಮಗೆ ಬಂದ ಎರಡು ಸಾಲಿನ ಉತ್ತರವೂ ಈ ಜಾತಿಯದೇ, ಹಾಗಾಗಿ ಅದನ್ನು ಬಿಸಾಕಬೇಡಿ. ‘ದಿನಾಂಕ ಇಂಥದ್ದರಂದು ಪ್ರಶ್ನೆ ಸಂಖ್ಯೆ ಇಂಥದ್ದಕ್ಕೆ ನೀಡಿದ ಭರವಸೆ ಈಡೇರಿಲ್ಲ’ ಎಂದು ಶಾಸಕರಿಂದ ಆ ಸಮಿತಿಗೆ ಪತ್ರ ಬರೆಸಿ. ನೀವೇ ನೇರವಾಗಿ ಹೋಗಬೇಕೆಂದರೆ ಅರ್ಜಿಗಳ ಸಮಿತಿ ಇದೆ.

ಉತ್ತರದ ಅಂಕಿ ಊರಿನ ವಾಸ್ತವಕ್ಕೆ ತಾಳೆಯಾಗದಿದ್ದರೆ ಆರ್‌ಟಿಐ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯದ್ದು ಹಾಗೂ 150 ಪದದೊಳಗಿರಬೇಕು, 30 ದಿನದೊಳಗೆ ಉತ್ತರ. ಕಡತ ಸಂಖ್ಯೆ ನಮೂದಿಸಿ ‘ಸದರಿ ಉತ್ತರ ತಯಾರಿಸಲು ತಾಲ್ಲೂಕು ಆರೋಗ್ಯಾಧಿಕಾರಿಗಳು ಸಲ್ಲಿಸಿದ ವರದಿಯ ಪ್ರತಿ’ ಕೇಳಿ. ತಾಲ್ಲೂಕಿನಿಂದ ಸರಿಯಾದ ಅಂಕಿ ಹೋಗಿ ಮೇಲೆ ಬದಲಾಗಿದೆಯೋ, ತಾಲ್ಲೂಕೇ ತಪ್ಪು ಕೊಟ್ಟಿದೆಯೋ ಎಂಬುದು ಅಲ್ಲಿ ಬಯಲಾಗುತ್ತದೆ. ಸದನಕ್ಕೆ ತಪ್ಪು ಮಾಹಿತಿ ಹೋಗಿದೆ ಎಂದು ದಾಖಲೆ ಸಮೇತ ತೋರಿಸಿದರೆ ಅದು ಶಾಸಕರ ಹಕ್ಕುಚ್ಯುತಿಯ, ಅಂದರೆ ಸದನದ ಸದಸ್ಯರ ವಿಶೇಷ ಹಕ್ಕಿಗೆ ಧಕ್ಕೆ ತಂದ, ಮಾತಾಗುತ್ತದೆ. ಇಲಾಖೆ ನಿಜವಾಗಿ ಹೆದರುವುದು ಇದಕ್ಕೆ.

ಅಧಿವೇಶನಕ್ಕೆ ಕಾಯದೆಯೂ ಆಗುವ ಕೆಲಸ ಒಂದಿದೆ. ಶಾಸಕರ ಅಧ್ಯಕ್ಷತೆಯಲ್ಲಿ ತಾಲ್ಲೂಕಿನ ತ್ರೈಮಾಸಿಕ ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ) ಸಭೆ ನಡೆಯುತ್ತದೆ, ತಾಲ್ಲೂಕು ಆರೋಗ್ಯಾಧಿಕಾರಿ ಪ್ರಗತಿ ವರದಿಯೊಂದಿಗೆ ಅಲ್ಲಿ ಹಾಜರಿರುತ್ತಾರೆ. ಓಓಡಿ ಮೇಲೆ ಹೋದ ಒಬ್ಬ ನರ್ಸನ್ನು ವಾಪಸ್ ಕರೆಸಲು, ಆರ್‌ಒ ಘಟಕದ ಫಿಲ್ಟರ್ ಬದಲಿಸಲು ವಿಧಾನಸಭೆ ಬೇಕಿಲ್ಲ, ಈ ಸಭೆಯ ನಡಾವಳಿಯಲ್ಲಿ ಒಂದು ಸಾಲು ಸಾಕು. ಮೇಲಿನ ಮೂರು ಅಂಕಿಗಳನ್ನು, ಅಂದರೆ ಹೆರಿಗೆ, ಸಿಸೇರಿಯನ್, ರೆಫರ್, ತಿಂಗಳುವಾರು ಓದಿ ಹೇಳುವಂತೆ ಮುಂದಿನ ಸಭೆಯಲ್ಲಿ ಕೇಳಲು ಶಾಸಕರಿಗೆ ಹೇಳಿ. ಅಲ್ಲಿ ಇತ್ಯರ್ಥವಾಗದೆ ಉಳಿದದ್ದನ್ನು, ನಡಾವಳಿಯ ಪ್ರತಿ ಜೊತೆಗಿಟ್ಟು, ಸುವರ್ಣಸೌಧದ ಪ್ರಶ್ನೆಗೆ ಎತ್ತಿಡಿ.